ಗುಡಿಯ ಅಂಗಳದ ದವನ

"ಹುಲ್ಲು ನೋಡೋಕೆ ಮಂಗೋಲಿಯಾಗ್ಯಾಕೆ ಹೋಗ್ಬೇಕು? ನಮ್ಮ ಬ್ಯಾಕ್‌ಯಾರ್ಡ್‌ನಲ್ಲಿ ಮೊಣಕಾಲುದ್ದ ಬೆಳೆದಿದೆ. ಅದನ್ನೇ ಸ್ಟಡಿ ಮಾಡು, ಹಾಗೇ ಕಟ್ ಮಾಡು" ಎಂದರು ನನ್ನ ಗಂಡ. ಆಸ್ಪತ್ರೆಯಿಂದ ಬಂದು ಟೈ ಬಿಚ್ಚುತ್ತಾ ನಿಂತಿದ್ದರು. ನನ್ನ ಕೈಯಲ್ಲಿ ಆಹ್ವಾನದ ಕಾಗದವಿತ್ತು. ನನಗೆ ರೇಗಿತು, ನಗುವೂ ಬಂತು. ಎಪ್ಪತ್ತರ ದಶಕದ ನಡುವಿನ ಮಾತು ಇದು. ಆಗ ನಾವು ವಾಷಿಂಗ್ಟನ್ನಿನ ಪಶ್ಚಿಮಕ್ಕೆ, ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿದ್ದೆವು. ಇವತ್ತು ಅಲ್ಲಿ ಕಿಟಕಿಯಿಲ್ಲದ ಕಂಪ್ಯೂಟರ್ ಕಟ್ಟಡಗಳು ಸಾಲುಗಟ್ಟಿ ನಿಂತಿವೆ. ಆಗ ಮನೆಯ ಹಿಂದಿನ ಬೇಲಿಯಾಚೆ ಹಸು ಮೇಯುತ್ತಿದ್ದವು, ಅವುಗಳ ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು.

ನಾನು ಓದಿದ್ದು ಸಸ್ಯಶಾಸ್ತ್ರ, ಕೆಲಸ ಒಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ. ಜಾನುವಾರು ಮೇಯುವ ಹುಲ್ಲೇ ನನ್ನ ವಿಷಯ. ಕನ್ನಡದವರ ಮನೆಗಳಲ್ಲಿ "ಏನ್ ರಿಸರ್ಚ್ ಮಾಡ್ತೀರಿ?" ಎಂದು ಕೇಳಿದವರು ಉತ್ತರ ಕೇಳಿ "ಓ" ಎಂದು ಚಿಪ್ಸ್ ಕಡೆಗೆ ಕೈ ಚಾಚುತ್ತಿದ್ದರು. ಈಗ ಹುಲ್ಲುಗಾವಲಿನ ವಿಜ್ಞಾನಿಗಳ ಸಭೆಯೊಂದು ಮಂಗೋಲಿಯಾದಲ್ಲಿ ಸೇರುವುದಿತ್ತು. ಆ ದೇಶಕ್ಕೂ ಅಮೆರಿಕಕ್ಕೂ ಆಗ ಮಾತುಕತೆಯೇ ಇರಲಿಲ್ಲ. ನನ್ನ ಪ್ರೊಫೆಸರ್ ಆಸೆಪಟ್ಟರೂ ಹೋಗುವ ಹಾಗಿರಲಿಲ್ಲ. ನನಗೆ ಆ ತೊಡಕಿರಲಿಲ್ಲ, ನಾನಿನ್ನೂ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದೆ. ಅದನ್ನು ನೋಡಿ ಮೂಗು ಮುರಿಯುತ್ತಿದ್ದವರೆಲ್ಲ ಒಂದು ವಾರ ತೆಪ್ಪಗಿದ್ದರು.

ಈ ಸುದ್ದಿಯನ್ನು ಗಂಡನಿಗೆ ಹೇಳುವ ಮೊದಲೇ ನಾನು ಇನ್ನೊಬ್ಬರಿಗೆ ಹೇಳಬೇಕೆಂದುಕೊಂಡಿದ್ದೆ. ನಮ್ಮ ಮನೆಯ ಹತ್ತಿರದ ಶಾಪಿಂಗ್ ಸೆಂಟರಿನಲ್ಲಿ ಒಂದು ಡ್ರೈಕ್ಲೀನಿಂಗ್ ಅಂಗಡಿಯಿತ್ತು. ರೇಷ್ಮೆ ಸೀರೆಯನ್ನು ಅಮೆರಿಕದ ವಾಷಿಂಗ್ ಮೆಷಿನ್ನಿಗೆ ಹಾಕುವ ಧೈರ್ಯ ಯಾರಿಗಿತ್ತು? ಸುತ್ತಮುತ್ತಲ ನಮ್ಮವರ ಸೀರೆಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಅಲ್ಲಿ ಇಸ್ತ್ರಿ ಹಾಕುತ್ತಿದ್ದವರು ಐವತ್ತು ದಾಟಿದ, ಅಗಲ ಮುಖದ, ಮಿತಭಾಷಿ ಮನುಷ್ಯ. ಚೀನಾದವರಿರಬೇಕು ಎಂದುಕೊಂಡಿದ್ದೆ. ಒಂದು ದಿನ ನನ್ನ ಸೀರೆ ಯಾವತ್ತು ಕೊಡಬಹುದೆಂದು ಬೆರಳು ಮಡಿಸಿ ತಮ್ಮಷ್ಟಕ್ಕೇ ಎಣಿಸಿದರು. "ಸುಮಿಯಾ, ಅಂಗಾರಕ್, ಬುದ್, ಬರ್ಹಸ್ಬದಿ..." ನಾನು ಕೌಂಟರಿಗೆ ಒರಗಿದ್ದವಳು ನೆಟ್ಟಗೆ ನಿಂತೆ. ಸೋಮ, ಅಂಗಾರಕ, ಬುಧ, ಬೃಹಸ್ಪತಿ! ನಮ್ಮ ನವಗ್ರಹಗಳು ವರ್ಜೀನಿಯಾದ ಲಾಂಡ್ರಿಗೆ ಹೇಗೆ ಬಂದವು?

ಕೇಳಿದೆ. ಕೇಳದೆ ಬಿಡುವ ಜಾತಿಯಲ್ಲ ನಾನು. ಅವರು ಮಂಗೋಲಿಯಾದವರು, ವಾರದ ಈ ಹೆಸರುಗಳು ಅವರ ಕಡೆಗೆ ಬೌದ್ಧ ಗ್ರಂಥಗಳ ಜೊತೆಗೆ ಹೋದವಂತೆ. ಅಮೆರಿಕಕ್ಕೆ ಬರುವ ಮೊದಲು ಕೆಲವು ವರ್ಷ ನಮ್ಮ ದೇಶದ ಕಾಲಿಂಪಾಂಗಿನಲ್ಲಿ ಇದ್ದರಂತೆ, ಹಾಗಾಗಿ ಹಿಂದಿ ಬರುತ್ತಿತ್ತು. ಅವರದು ಕಾಲಿಂಪಾಂಗಿನ ಹಿಂದಿ, ನನ್ನದು ಮೈಸೂರಿನ ಹಿಂದಿ. ಎರಡೂ ಕುಂಟುತ್ತಿದ್ದುದರಿಂದ ಜೊತೆಯಾಗಿ ಚೆನ್ನಾಗಿ ನಡೆದವು. ನಾನು ಅವರನ್ನು ಭಾಯಿಸಾಬ್ ಎಂದೆ, ಅವರು ನನ್ನನ್ನು ಬೆಹೆನ್‌ಜಿ ಎಂದರು. ಆಮೇಲೆ ಯಾವಾಗ ಹೋದರೂ "ಬರ್ಹಸ್ಬದಿಗೆ ಬನ್ನಿ" ಎನ್ನುತ್ತಿದ್ದರು. ಗುರುವಾರ ಹೋದರೆ ಸೀರೆ ರೆಡಿ ಇರುತ್ತಿತ್ತು.

ನಾನು ಮಂಗೋಲಿಯಾಕ್ಕೆ ಹೋಗುತ್ತಿದ್ದೇನೆ ಎಂದಾಗ ಅವರು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟರು. ಅಂಗಡಿಯ ಮುಂಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ತಮ್ಮ ಕತೆ ಹೇಳಿದರು. ಚಿಕ್ಕಂದಿನಲ್ಲೇ ಅವರನ್ನು ಒಂದು ಗುಡಿಗೆ ಲಾಮಾ ಆಗಲು ಬಿಟ್ಟಿದ್ದರಂತೆ. ಸರ್ಕಾರ ಗುಡಿಗಳ ಮೇಲೆ ಮುರಿದುಕೊಂಡು ಬಿದ್ದ ಕಾಲದಲ್ಲಿ ಅವರ ಗುರುಗಳು ಒಂದು ರಾತ್ರಿ ಅವರನ್ನು ದಕ್ಷಿಣಕ್ಕೆ ಹೊರಟ ಒಂಟೆಯವರ ಜೊತೆ ಕಳಿಸಿಬಿಟ್ಟರು. ಗದ್ದಲ ಇಳಿದ ಮೇಲೆ ಬಾ, ಗುಡಿ ಎಲ್ಲಿಗೂ ಹೋಗುವುದಿಲ್ಲ ಎಂದರಂತೆ. ಅಲ್ಲಿಂದಾಚೆ ಅವರಿಗೆ ಒಂದು ಸುದ್ದಿಯೂ ಸಿಕ್ಕಿರಲಿಲ್ಲ.

"ಒಂಟೆಯ ಡುಬ್ಬದ ಹಾಗೆ ಎರಡು ತಲೆಯ ಗುಡ್ಡ. ಅದರ ದಕ್ಷಿಣದ ಬುಡದಲ್ಲಿ ಬಿಳಿ ಗೋಡೆ. ನೀವು ಆ ಕಡೆ ಹೋದರೆ ಜೀಪಿನಿಂದಲೇ ಕಾಣುತ್ತದೆ. ಯಾರನ್ನೂ ಕೇಳಬೇಡಿ, ನನ್ನ ಹೆಸರೂ ಎತ್ತಬೇಡಿ. ಗುಡಿ ಇದೆಯೋ ಇಲ್ಲವೋ, ಅಷ್ಟು ನೋಡಿಕೊಂಡು ಬನ್ನಿ" ಎಂದರು. ಅದು ಯಾವ ಪ್ರಾಂತ್ಯ, ಯಾವ ಊರಿನ ಹತ್ತಿರ ಎಂದು ನನಗೆ ಬಾಯಿಪಾಠ ಮಾಡಿಸಿದರು. ಸಭೆಯವರು ಕಳಿಸಿದ್ದ ಪ್ರವಾಸದ ದಾರಿ ಆ ಊರಿನ ಮೇಲೆಯೇ ಹೋಗುತ್ತಿತ್ತು. ಅದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು. ತಕ್ಷಣ ತಮಾಷೆ ಮಾಡಿದರು, ನಾಚಿಕೆಯಾದಾಗ ಕೆಲವರು ಮಾಡುವ ಹಾಗೆ. "ನಿಮಗೆ ಹುಲ್ಲು ಅಂದರೆ ಪ್ರೀತಿ. ನನಗೆ ಆಗದು. ದಿನಾ ಬೆಳಗ್ಗೆ ಅಂಗಳದ ಹುಲ್ಲು ಕೀಳುವುದು ನಮ್ಮ ಹುಡುಗರ ಕೆಲಸ. ಒಂದು ಎಸಳು ಉಳಿದರೂ ಗುರುಗಳು ಕಿವಿ ಹಿಂಡುತ್ತಿದ್ದರು."

ಚಟ್ನಿಪುಡಿ, ಗಟ್ಟಿ ಅವಲಕ್ಕಿ, ಹುಣಸೆ ಗೊಜ್ಜು ಕಟ್ಟಿಕೊಂಡು ಹೊರಟೆ. ಮಾಸ್ಕೋ ದಾಟಿ, ಸೈಬೀರಿಯಾ ದಾಟಿ, ಪುಟ್ಟ ವಿಮಾನದಲ್ಲಿ ಕುಲುಕಿಕೊಂಡು ಇಳಿದಾಗ ನನಗೆ ಮೊದಲು ಅನ್ನಿಸಿದ್ದು, ಇಷ್ಟು ದೊಡ್ಡ ಆಕಾಶ ಇವರಿಗೆ ಯಾಕೆ ಬೇಕಿತ್ತು ಎಂದು. ರಾಜಧಾನಿಯಲ್ಲಿ ಪೂಜೆ ನಡೆಯುತ್ತಿದ್ದ ಗುಡಿ ಒಂದಿತ್ತು, ಅಲ್ಲಿಗೆ ನಮ್ಮನ್ನು ಕರೆದುಕೊಂಡು ಹೋದರು. ಒಳಗೆ ತುಪ್ಪದ ದೀಪಗಳ ಜಿಡ್ಡು ವಾಸನೆ, ಧೂಪದ ಹೊಗೆ, ಸಾಲಾಗಿ ಕೂತು ಗೊಗ್ಗರು ದನಿಯಲ್ಲಿ ಓದುತ್ತಿದ್ದ ಮುದಿ ಲಾಮಾಗಳು. ಒಬ್ಬರೂ ಎಳೆಯರಿರಲಿಲ್ಲ. ನಡುನಡುವೆ "ಓಂ" ಎಂಬುದೂ "ವಜ್ರ" ಎಂಬುದೂ ಕಿವಿಗೆ ಬೀಳುತ್ತಿತ್ತು. ನಾನು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಒಳಗೆ ಹೋದೆ. ಅಲ್ಲಿ ಎಲ್ಲರೂ ಬೂಟು ಹಾಕಿಕೊಂಡೇ ಇದ್ದರು. ನೆಲ ಎಷ್ಟು ತಣ್ಣಗಿತ್ತೆಂದರೆ ಭಕ್ತಿಯೆಲ್ಲ ಕಾಲ್ಬೆರಳಿಗೆ ಇಳಿಯಿತು. ಆದರೂ ಮೂರು ಪ್ರದಕ್ಷಿಣೆ ಹಾಕಿಯೇ ಬಂದೆ. ಬಲಗಡೆಯಿಂದಲೇ ಸುತ್ತಬೇಕೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಒಬ್ಬ ಅಜ್ಜಿ ನನ್ನ ಹಣೆಯ ಕುಂಕುಮವನ್ನು ಬೆರಳಿನಿಂದ ಮುಟ್ಟಿ ತನ್ನ ಹಣೆಗೆ ಒತ್ತಿಕೊಂಡಳು.

ಅಲ್ಲಿಂದ ಜೀಪುಗಳಲ್ಲಿ ಗೋಬಿ ಮರುಭೂಮಿಯ ಕಡೆಗೆ ಹೊರಟೆವು. ಮರುಭೂಮಿ ಎಂದರೆ ಮರಳಿನ ದಿಬ್ಬ ಎಂದು ನಾನೂ ನಂಬಿದ್ದೆ. ಅಲ್ಲಿ ನೋಡಿದರೆ ಬಹುಪಾಲು ಜಲ್ಲಿ, ಮಣ್ಣು, ನಡುನಡುವೆ ಗರಿಯಂಥ ಹುಲ್ಲು, ಗಾಡಿ ತುಳಿದರೆ ಘಮ್ಮೆನ್ನುವ ಕಾಡು ಈರುಳ್ಳಿ. ದಾರಿಯೆಂಬುದು ಇರಲಿಲ್ಲ. ಡ್ರೈವರು ತನಗೆ ಬೇಕಾದ ಕಡೆ ಮೂಗು ತಿರುಗಿಸಿಕೊಂಡು ಹೋಗುತ್ತಿದ್ದ. ನನಗೆ ಮಾತ್ರ ಹುಲ್ಲಿನ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ಪ್ರತಿ ಗುಡ್ಡಕ್ಕೂ ತಲೆ ಎಷ್ಟು ಎಂದು ನೋಡುವುದೇ ಆಯಿತು. ನನ್ನ ಜೊತೆಗಿದ್ದ ದುಭಾಷಿ, ಎರಡು ಜಡೆಯ ಚುರುಕು ಹುಡುಗಿ, "ನಿಮಗೆ ಗುಡ್ಡ ಇಷ್ಟವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಗುಡ್ಡದ ಹುಲ್ಲು" ಎಂದೆ. ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಪ್ರವಾಸದ ಕೊನೆಯ ದಿನ ಕುದುರೆ ಸಾಕುವವರ ಬಿಡಾರದಲ್ಲಿ ಔತಣ. ಎಲ್ಲರೂ ತಮ್ಮ ದೇಶದ ಉಡುಪು ಹಾಕಬೇಕೆಂದು ಹೇಳಿದ್ದರಿಂದ ನಾನು ಮೈಸೂರು ಸಿಲ್ಕ್ ಉಟ್ಟೆ, ಅರಿಶಿನ ಬಣ್ಣಕ್ಕೆ ಹಸಿರು ಅಂಚು. ಮೇಲೊಂದು ಸ್ವೆಟರ್, ಕಾಲಿಗೆ ಗಂಡನ ಉಣ್ಣೆಯ ಕಾಲುಚೀಲ. ಬಿಡಾರದ ಹಿರಿಯ ಒಂದು ದೊಡ್ಡ ಬಟ್ಟಲು ತಂದ. ಕುದುರೆ ಹಾಲನ್ನು ಹುಳಿ ಬರಿಸಿ ಮಾಡಿದ ಪಾನೀಯ. ನೋಡಲು ಮಜ್ಜಿಗೆಯೇ. ಸ್ವಲ್ಪ ಅಮಲೂ ಇರುತ್ತದೆಂದು ಯಾರೋ ಹೇಳಿದರು, ಸಭೆಯ ಮರ್ಯಾದೆ ಎಂದು ನಾನು ಸುಮ್ಮನಾದೆ. ತೊಡಕು ಬೇರೆ ಇತ್ತು. ಒಂದೇ ಬಟ್ಟಲು, ಒಬ್ಬರು ಕುಡಿದು ಇನ್ನೊಬ್ಬರಿಗೆ ದಾಟಿಸಬೇಕು. ನನಗಿಂತ ಮೊದಲು ಏಳೆಂಟು ಮೀಸೆಗಳು ಅದರಲ್ಲಿ ಮುಳುಗಿ ಎದ್ದಿದ್ದವು.

ಎಂಜಲು! ಲ್ಯಾಬಿನಲ್ಲಿ ಸಗಣಿ ಕೆದಕಿ ಹುಲ್ಲಿನ ಬೀಜ ಎಣಿಸುವವಳಿಗೆ ಎಂಜಲಿನ ಚಿಂತೆ. ಏನು ಮಾಡಲಿ, ನಮ್ಮಜ್ಜಿ ಕಲಿಸಿದ ಬಾಯಿ. ಅದಕ್ಕೂ ನಮ್ಮಲ್ಲಿ ಉಪಾಯವಿದೆಯಲ್ಲ ಎಂದು, ತಲೆ ಹಿಂದಕ್ಕೆ ಹಾಕಿ, ಬಟ್ಟಲನ್ನು ಎತ್ತಿ ಹಿಡಿದು, ತುಟಿ ತಾಕಿಸದೆ ಧಾರೆ ಬಿಟ್ಟೆ. ಮೈಸೂರಿನ ಅಡುಗೆಮನೆಯಲ್ಲಿ ಗಾಳಿ ಇರುವುದಿಲ್ಲ. ಅಲ್ಲಿ ಇತ್ತು. ಧಾರೆ ಬಾಯಿಯ ಪಕ್ಕದಿಂದ ಹಾಯ್ದು ಕತ್ತು, ಸ್ವೆಟರ್, ಸೆರಗು, ನೆರಿಗೆ ಎಲ್ಲದರ ಮೇಲೂ ಸುರಿಯಿತು. ಆಮೇಲೆ ಬಿಡಾರದ ಹಿರಿಯ ಗಂಭೀರವಾಗಿ ಬಟ್ಟಲು ತುಂಬಿಸಿಕೊಂಡು, ತಾನೂ ತಲೆ ಹಿಂದಕ್ಕೆ ಹಾಕಿ, ನನ್ನಂತೆಯೇ ಎತ್ತಿ ಸುರಿದುಕೊಂಡ. ಅತಿಥಿಗೆ ಅವಮಾನವಾಗಬಾರದೆಂದು ಅವನ ಲೆಕ್ಕ. ಅವನ ರೇಷ್ಮೆ ನಿಲುವಂಗಿಯೂ ತೊಯ್ದುಹೋಯಿತು. ಆಗ ಅವನ ಹೆಂಡತಿ ನಕ್ಕಳು ನೋಡಿ, ಕುದುರೆಗಳು ತಿರುಗಿ ನೋಡಿದವು. ನನಗೆ ಎಂಜಲು ಗಿಂಜಲು ಎಲ್ಲ ಮರೆತುಹೋಗಿ, ಎರಡನೇ ಸಲ ಬಟ್ಟಲಿಗೆ ಬಾಯಿ ಹಚ್ಚಿಯೇ ಕುಡಿದೆ.

ಅಲ್ಲಿಂದ ವಾಪಸ್ ಬರುವಾಗ, ಮಧ್ಯಾಹ್ನ ಇಳಿಯುವ ಹೊತ್ತಿಗೆ, ಎಡಗಡೆ ಆ ಗುಡ್ಡ ಕಂಡಿತು. ಅನುಮಾನಕ್ಕೆ ಎಡೆಯೇ ಇಲ್ಲದ ಎರಡು ಡುಬ್ಬ. "ನಿಲ್ಲಿಸಿ, ಹುಲ್ಲಿನ ಸ್ಯಾಂಪಲ್ ಬೇಕು" ಎಂದೆ. ಹುಲ್ಲಿನ ವಿಜ್ಞಾನಿಯಾಗಿದ್ದರ ಒಂದು ಸುಖ, ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಬಹುದು. ದುಭಾಷಿ ಹುಡುಗಿ ಗುಡ್ಡದ ಬುಡ ನೋಡಿ, "ಅಲ್ಲಿ ಏನೂ ಇಲ್ಲ. ಹಳೆಯ ಕುರಿದೊಡ್ಡಿ ಅಷ್ಟೇ" ಎಂದಳು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದೇಬಿಟ್ಟೆ. ಅವಳು ತಡೆಯಲಿಲ್ಲ, ಜೊತೆಗೂ ಬರಲಿಲ್ಲ.

ಕುರಿದೊಡ್ಡಿ ನಿಜ. ಸೊಂಟದೆತ್ತರ ಉಳಿದಿದ್ದ ಮಣ್ಣಿನ ಗೋಡೆಗೆ ಯಾರೋ ಕಲ್ಲು ಪೇರಿಸಿ ಕುರಿ ಕೂಡುತ್ತಿದ್ದರು. ಗೋಡೆಯ ಒಳಮೈಯಲ್ಲಿ ಒಂದೆರಡು ಕಡೆ ಸುಣ್ಣದ ಬಿಳುಪು. ಮೂಲೆಯಲ್ಲಿ ಹಸಿರು ಮೆರುಗಿನ ಹೆಂಚಿನ ಚೂರು. ಬಾಗಿಲಿದ್ದ ಜಾಗದಲ್ಲಿ ಸವೆದ ಎರಡು ಕಲ್ಲು ಮೆಟ್ಟಿಲು. ಮೆಟ್ಟಿಲು ಹತ್ತಿದರೆ ಒಳಗೆ ಏನೂ ಇರಲಿಲ್ಲ, ಬರೀ ಅಂಗಳ. ಅದರ ತುಂಬ ಬೂದಿಹಸಿರು ಬಣ್ಣದ ಒಂದು ಗಿಡ, ಪಾದ ಮುಚ್ಚುವಷ್ಟು ಎತ್ತರ. ನಾನು ಕಾಲಿಟ್ಟೆ, ವಾಸನೆ ಎದ್ದಿತು.

ದವನ. ನಮ್ಮ ದವನ! ಕನಕಾಂಬರದ ಜೊತೆ ಸೇರಿಸಿ ಕಟ್ಟುವ, ಮಾರ್ಕೆಟ್ಟಿನ ಹೂವಿನ ಬುಟ್ಟಿಯಲ್ಲಿ ಒದ್ದೆ ಬಟ್ಟೆಯಡಿ ಇರುವ ದವನ. ಪುಸ್ತಕದ ಪ್ರಕಾರ ಅದೇ ಗಿಡವಲ್ಲ, ಅದೇ ಕುಲದ ದಾಯಾದಿ, ವಾಸನೆ ಇನ್ನಷ್ಟು ಖಾರ. ಪುಸ್ತಕ ಆಗ ಯಾರಿಗೆ ಬೇಕಿತ್ತು? ನನಗೆ ಅಳು ಬಂತು. ಗುಡಿ ಇಲ್ಲವೆಂದು ಬಂತೋ, ಅಷ್ಟು ದೂರದಲ್ಲಿ ದವನ ಸಿಕ್ಕಿತೆಂದು ಬಂತೋ, ಎರಡೂ ಒಟ್ಟಿಗೆ ಬಂದವು. ಅಳುತ್ತಲೇ ನಾಲ್ಕು ಕಡ್ಡಿ ಕಿತ್ತೆ, ಕೈ ತನ್ನಷ್ಟಕ್ಕೇ ಒಂದನ್ನು ಜಡೆಗೆ ಸಿಕ್ಕಿಸಿತು. ಉಳಿದದ್ದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಜೀಪಿಗೆ ಹಿಂದಿರುಗಿದಾಗ ದುಭಾಷಿ ಹುಡುಗಿ ನನ್ನ ಜಡೆಯನ್ನೇ ನೋಡಿ, "ನಮ್ಮಜ್ಜಿಗೂ ಇದರ ವಾಸನೆ ಇಷ್ಟ" ಎಂದಳು. ಅವಳಿಗೆ ಎಷ್ಟು ಗೊತ್ತಿತ್ತೋ.

ಸೀರೆಗೆ ಹುಳಿಹಾಲಿನ ವಾಸನೆ ಹಿಡಿದಿತ್ತು. ಮಡಿಸುವಾಗ ನಡುವೆ ಆ ಕಡ್ಡಿಗಳನ್ನು ಇಟ್ಟೆ, ನಮ್ಮ ಮನೆಗಳಲ್ಲಿ ಟ್ರಂಕಿನ ಸೀರೆಗಳ ನಡುವೆ ದವನ ಇಡುವ ಹಾಗೆ. ದಾರಿಯುದ್ದಕ್ಕೂ ಅದು ಹಾಗೇ ಬಂತು. ಆದರೆ ನಮ್ಮ ಮನೆಯ ಹತ್ತಿರದ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಗಿಡ-ಬೀಜ ತಪಾಸಣೆ ಇರುತ್ತದೆ. ಪರ್ಮಿಟ್ ಇದ್ದದ್ದು ನನ್ನ ಹುಲ್ಲಿನ ಬೀಜಗಳಿಗೆ ಮಾತ್ರ. ಊರಿನವರಿಗೆಲ್ಲ "ಹೊರದೇಶದ ಗಿಡ ಕದ್ದು ತರ್ಬೇಡಿ, ರೋಗ ಬರುತ್ತೆ" ಎಂದು ಪಾಠ ಹೇಳುವವಳು ನಾನೇ. ಸೀರೆಯ ಮಡಿಕೆ ಬಿಚ್ಚಿ ಕೊಡವಿ, ಕಡ್ಡಿಗಳನ್ನೆಲ್ಲ ಅಧಿಕಾರಿಯ ಮುಂದೆ ಇಟ್ಟೆ. ಅವನು ಅವನ್ನು ಡಬ್ಬಿಗೆ ಹಾಕಿದ. ಪುಣ್ಯಕ್ಕೆ ವಾಸನೆಗೆ ಪರ್ಮಿಟ್ ಬೇಕಿರಲಿಲ್ಲ.

ಬಂದು ವಾರಗಳಾದರೂ ಲಾಂಡ್ರಿಯ ಕಡೆ ಹೋಗಲು ಕಾಲು ಏಳಲಿಲ್ಲ. ಕಾಫಿಪುಡಿ ತರಲು ಬೇರೆ ಶಾಪಿಂಗ್ ಸೆಂಟರಿಗೆ ಡ್ರೈವ್ ಮಾಡುತ್ತಿದ್ದೆ. ಅಷ್ಟರಲ್ಲಿ ಪ್ರವಾಸದ ಫೋಟೋಗಳ ಸ್ಲೈಡುಗಳು ತೊಳೆದು ಬಂದವು. ಒಂದು ಶನಿವಾರ ಮನೆ ತುಂಬ ಜನ, ಅಟ್ಲಾಂಟಾದಿಂದ ಡಾಕ್ಟರ್ ದಂಪತಿ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದಿದ್ದರು. ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ ಪ್ರೊಜೆಕ್ಟರ್ ಹಾಕಿದೆವು.

"ಅಲ್ಲಿ ವೆಜಿಟೇರಿಯನ್ನಿಗೆ ಏನ್ ಸಿಗುತ್ತೆ?" ಎಂದರು ಅಟ್ಲಾಂಟಾದಾಕೆ.

"ಹಾಲು, ಮೊಸರು, ಗಟ್ಟಿ ಮೊಸರು, ಕಲ್ಲಿನಂಥ ಮೊಸರು" ಎಂದೆ.

"ಆಂಟಿ, ದ್ಯಾಟ್ ಕ್ಯಾಮಲ್, ವೈ ಟೂ ಹಂಪ್ಸ್?" ಎಂದ ಅವರ ಮಗ.

"ಅಲ್ಲಿ ಚಳಿ ಜಾಸ್ತಿ ಕಣೋ, ಒಂದು ಸಾಲಲ್ಲ" ಎಂದೆ. ಎಲ್ಲರೂ ನಕ್ಕರು. ಮುಂದಿನದು ಎರಡು ತಲೆಯ ಗುಡ್ಡ, ಅದರಾಚೆ ಆ ಮೆಟ್ಟಿಲು. ನಾನು ಗುಂಡಿಯನ್ನು ಬೇಗಬೇಗ ಒತ್ತಿ ಮುಂದಕ್ಕೆ ಓಡಿಸಿದೆ. ಎಲ್ಲರೂ ಹೋದ ಮೇಲೆ ಗಂಡ ಬೆಡ್‌ಶೀಟ್ ಮಡಿಸುತ್ತಾ, "ಆ ಸ್ಲೈಡ್ ಯಾಕೆ ಸ್ಕಿಪ್ ಮಾಡ್ದೆ?" ಎಂದರು. ಹೇಳಿದೆ. ಅವರು ಬೆಡ್‌ಶೀಟನ್ನು ಕುರ್ಚಿಯ ಮೇಲಿಟ್ಟು, "ನಾನು ದಿನಾ ಪೇಷೆಂಟುಗಳ ಮನೆಯವರಿಗೆ ಕೆಟ್ಟ ಸುದ್ದಿ ಹೇಳ್ತೀನಲ್ಲ. ಕಾಯೋದು ಇನ್ನೂ ಕೆಟ್ಟದ್ದು ಕಣೆ. ಹೋಗಿ ಹೇಳ್ಬಿಡು" ಎಂದರು.

ಬರಿಗೈಯಲ್ಲಿ ಹೋಗಲು ಆಗದೆ ಆ ಸೀರೆಯನ್ನೇ ಹಿಡಿದುಕೊಂಡು ಹೋದೆ. ಕಲೆ ತೆಗೆಸುವುದೂ ಆಗುತ್ತದೆ ಎಂದು. ಕಾರಿನಲ್ಲಿ ಕೂತು ನಾಲ್ಕು ವಾಕ್ಯ ಜೋಡಿಸಿಕೊಂಡಿದ್ದೆ. ಕಾಲ ಹಾಗಿತ್ತು, ಎಷ್ಟೋ ಗುಡಿಗಳು ಹೋದವು, ಗುಡ್ಡ ಹಾಗೇ ಇದೆ, ಮೆಟ್ಟಿಲೂ ಇವೆ. ಹಿಂದಿಯಲ್ಲಿ ಲಿಂಗ ವಚನ ಸರಿ ಮಾಡಿಕೊಂಡೂ ಇದ್ದೆ.

ಭಾಯಿಸಾಬ್ ನನ್ನನ್ನು ನೋಡಿ ಎದ್ದು ನಿಂತರು. ನಾನು ಸೀರೆಯನ್ನು ಕೌಂಟರಿನ ಮೇಲೆ ಇಟ್ಟೆ. ಅವರು ಕಲೆ ಎಲ್ಲಿದೆ ಎಂದು ನೋಡಲು ಮಡಿಕೆ ಬಿಚ್ಚಿದರು. ಒಂದು ಮಡಿಕೆ, ಇನ್ನೊಂದು ಮಡಿಕೆ. ಮೂರನೆಯದಕ್ಕೆ ಕೈ ನಿಂತಿತು. ಬಗ್ಗಿ ಮೂಗನ್ನು ಸೀರೆಗೆ ತಾಕಿಸಿದರು. ಅಂಗಡಿಯ ಆವಿ, ಔಷಧಿಯ ಘಾಟು, ಎಲ್ಲದರ ನಡುವೆಯೂ ಅದು ಅವರಿಗೆ ಸಿಕ್ಕಿತ್ತು. ತುಂಬಾ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ಆ ಅಗಲ ಮುಖದಲ್ಲಿ ಅಷ್ಟು ಸಂತೋಷ ಇತ್ತು, ನಾನು ಅಂಥದ್ದನ್ನು ಅವರಲ್ಲಿ ನೋಡಿಯೇ ಇರಲಿಲ್ಲ.

"ಎಲ್ಲಿ ಕಿತ್ತಿರಿ?" ಎಂದರು.

ಆ ಸಂತೋಷ ನೋಡಿ ನನ್ನ ನಾಲ್ಕು ವಾಕ್ಯವೂ ಮರೆತುಹೋಯಿತು. "ನಿಮ್ಮ ಗುಡಿಯಲ್ಲೇ, ಭಾಯಿಸಾಬ್. ಅಂಗಳದ ತುಂಬ ಇತ್ತು" ಎಂದುಬಿಟ್ಟೆ, ಸಿಹಿಸುದ್ದಿ ಕೊಡುವವಳ ಹಾಗೆ.

ಬಾಯಿಂದ ಹೊರಬಿದ್ದ ಮೇಲೆ ನನಗೆ ತಿಳಿಯಿತು ಏನು ಹೇಳಿದೆನೆಂದು. ಅವರಿಗೆ ಅದಕ್ಕೂ ಮೊದಲೇ ತಿಳಿದಿತ್ತು. "ಅಂಗಳದ ತುಂಬ" ಎಂದರು ಮೆಲ್ಲಗೆ. ಬೆರಳಿನಿಂದ ಸೀರೆಯ ಅಂಚನ್ನು ಸವರುತ್ತಾ ನಿಂತರು. ನನ್ನ ಬಾಯಿಂದ ಮೆಟ್ಟಿಲಿನ ಮಾತು, ಹೆಂಚಿನ ಚೂರಿನ ಮಾತು ಯಾವುದೂ ಹೊರಡಲಿಲ್ಲ. ಆಮೇಲೆ ಅವರು ನನ್ನ ಕಡೆ ನೋಡಿ, ನನ್ನನ್ನೇ ಸಮಾಧಾನ ಮಾಡುವವರಂತೆ, ಸ್ವಲ್ಪ ನಕ್ಕರು.

"ಹಾಗಾದರೆ ಹುಲ್ಲು ಕೀಳುವ ಹುಡುಗರಿಗೆ ರಜ" ಎಂದರು.

ಚೀಟಿ ಹರಿದು ಕೊಟ್ಟರು. "ಬರ್ಹಸ್ಬದಿಗೆ ಬನ್ನಿ."

ಗುರುವಾರ ಹೋದೆ. ಸೀರೆ ಒಳಗಡೆ, ಅವರ ಇಸ್ತ್ರಿ ಮೇಜಿನ ಪಕ್ಕದ ಗೂಟಕ್ಕೆ ತೂಗುತ್ತಿತ್ತು. ಉಳಿದ ಬಟ್ಟೆಗಳಿಗೆ ಹಾಕುವ ಪ್ಲಾಸ್ಟಿಕ್ ಚೀಲ ಅದಕ್ಕೆ ಇರಲಿಲ್ಲ. "ಇನ್ನೂ ಆಗಿಲ್ಲ, ಮುಂದಿನ ಬರ್ಹಸ್ಬದಿ" ಎಂದರು. ಮುಂದಿನ ಗುರುವಾರವೂ ಅದೇ ಮಾತು. ಗಂಡನ ಕೋಟುಗಳು, ನನ್ನ ಬೇರೆ ಸೀರೆಗಳು ಸಮಯಕ್ಕೆ ಸರಿಯಾಗಿ ಬರುತ್ತಿದ್ದವು. ಅದೊಂದು ಮಾತ್ರ ಆಗಿರುತ್ತಿರಲಿಲ್ಲ. ಅಂಗಡಿಗೆ ಹೋದಾಗಲೆಲ್ಲ ಕೇಳುತ್ತಿದ್ದೆ, ಕೇಳದಿದ್ದರೆ ಅವರಿಗೆ ಸಂಕೋಚವಾದೀತೆಂದು. ದಸರಾ ಬಂತು, ಗೊಂಬೆ ಕೂರಿಸಿದೆ, ಬೇರೆ ಸೀರೆ ಉಟ್ಟೆ. ಮಂಜು ಬಿತ್ತು, ಕರಗಿತು.

ಚೆರ್ರಿ ಹೂ ಬಿಡುವ ಹೊತ್ತಿಗೆ ಒಂದು ದಿನ, ನಾನು ಕೇಳುವ ಮೊದಲೇ, ಅವರು ಆ ಸೀರೆಯನ್ನು ನೀಟಾಗಿ ಮಡಿಸಿ ಎರಡು ಕೈಯಲ್ಲೂ ಹಿಡಿದು ಕೊಟ್ಟರು. "ಈಗ ರೆಡಿ" ಎಂದರು.

ಕಾರಿನಲ್ಲಿ ಕೂತು ಮಡಿಕೆ ಬಿಚ್ಚಿ ಮೂಗಿಗೆ ಹಿಡಿದೆ. ದವನದ ವಾಸನೆ ಒಂಚೂರೂ ಉಳಿದಿರಲಿಲ್ಲ. ನೆರಿಗೆಯ ಮೇಲಿನ ಹಾಲಿನ ಕಲೆ ಬಿದ್ದದ್ದು ಬಿದ್ದ ಹಾಗೇ ಇತ್ತು.